ಇಪ್ಪತ್ತೈದು ನಿಮಿಷವೋ, ಐದು ಗಂಟೆಯೋ?

ಪ್ರಶ್ನೆ: ನನ್ನ ತಾಯಿಗೆ ಎಪ್ಪತ್ತೆರಡು. ಮರಿಮಗುವಿನ ನಾಮಕರಣಕ್ಕೆ ಜುಲೈಯಲ್ಲಿ ಬೆಂಗಳೂರಿನಿಂದ ಮಂಗಳೂರಿಗೆ ವಿಮಾನದಲ್ಲಿ ಕಳುಹಿಸಬೇಕೆಂದಿದ್ದೇವೆ. ಮೊಬೈಲ್‌ನಲ್ಲಿ ನೋಡಿದರೆ ಆಕಾಶಮಾರ್ಗದ ದೂರ ಸುಮಾರು 300 ಕಿ.ಮೀ., ಪ್ರಯಾಣ 25 ನಿಮಿಷ ಎಂದಿದೆ. ಟಿಕೆಟ್ಟಿನಲ್ಲಿ 1 ಗಂಟೆ 5 ನಿಮಿಷ. ಯಾವುದು ಸರಿ? ರಾತ್ರಿ ರೈಲಿಗಿಂತ ವಿಮಾನ ಮೇಲೇ?
– ಓದುಗರೊಬ್ಬರು, ರಾಜಾಜಿನಗರ

ಉತ್ತರ: ಆ ಇಪ್ಪತ್ತೈದು ನಿಮಿಷದ ಪಾಪದಲ್ಲಿ ನನಗೂ ಪಾಲಿದೆ. ಮೂವತ್ತು ವರ್ಷ ಗಣಿತದ ಮೇಡಂ ಆಗಿ ‘ದೂರವನ್ನು ವೇಗದಿಂದ ಭಾಗಿಸಿ’ ಎಂದು ಮಕ್ಕಳಿಂದ ಬರೆಸಿದವಳು ನಾನು. ನಿಮ್ಮ ಮೊಬೈಲ್ ಮಾಡಿರುವುದೂ ಅದನ್ನೇ: 300 ಕಿ.ಮೀ.ಯನ್ನು ಜೆಟ್ ವಿಮಾನದ ಪೂರ್ಣ ವೇಗದಿಂದ ಭಾಗಿಸಿದೆ. ಆದರೆ ಇಷ್ಟು ಹತ್ತಿರದ ಊರಿಗೆ ಹೋಗುವ ವಿಮಾನ ಏರಿ ಮುಗಿಸುವಷ್ಟರಲ್ಲಿ ಇಳಿಯಲು ಶುರುಮಾಡಿರುತ್ತದೆ. ಪೂರ್ಣ ವೇಗದಲ್ಲಿ ಹಾರುವುದು ಸ್ವಲ್ಪವೇ ಹೊತ್ತು. ಪಂಖ ತಿರುಗುವ ಸಣ್ಣ ಎಟಿಆರ್ ವಿಮಾನವಾದರಂತೂ ಅದರ ವೇಗವೇ ಗಂಟೆಗೆ 500 ಕಿ.ಮೀ. ಆಸುಪಾಸು. ಟಿಕೆಟ್ಟಿನ ಲೆಕ್ಕ ಬೇರೆ. ವಿಮಾನ ನಿಂತ ಜಾಗ ಬಿಟ್ಟಲ್ಲಿಂದ ಮಂಗಳೂರಿನಲ್ಲಿ ಮತ್ತೆ ನಿಲ್ಲುವವರೆಗಿನ ಹೊತ್ತು ಅದು. ನೆಲದ ಮೇಲೆ ಉರುಳುವುದು, ಸರದಿಗೆ ಕಾಯುವುದು ಎಲ್ಲ ಅದರಲ್ಲೇ ಸೇರಿದೆ.

ಮಂಗಳೂರಿನ ಕದ್ರಿಯಲ್ಲಿ ಮಗಳಿದ್ದಾಳೆ. ಕಳೆದ ಡಿಸೆಂಬರಿನಲ್ಲಿ ಹೋದಾಗ ಹಳೆಯ ಚಟಕ್ಕೆ ಗಡಿಯಾರ ನೋಡಿ ಬರೆದಿಟ್ಟುಕೊಂಡೆ. ಬಸವನಗುಡಿಯ ಮನೆ ಬಿಟ್ಟದ್ದು 6.45ಕ್ಕೆ. ಚಕ್ರ ನೆಲ ಬಿಟ್ಟದ್ದು 10.12ಕ್ಕೆ, ಮಂಗಳೂರಿನ ವಿಮಾನ ನಿಲ್ದಾಣವಿರುವ ಬಜ್ಪೆಯಲ್ಲಿ ನೆಲ ಮುಟ್ಟಿದ್ದು 10.54ಕ್ಕೆ. ಮಗಳ ಮನೆಯ ಗೇಟು ತೆಗೆದಾಗ 12 ಗಂಟೆ. ಐದೂಕಾಲು ಗಂಟೆಯಲ್ಲಿ ಆಕಾಶದಲ್ಲಿದ್ದದ್ದು ನಲವತ್ತೆರಡು ನಿಮಿಷ! ಅದರಲ್ಲೂ ಮೂಡಣ ಗಾಳಿಗೆ ಎದುರಾಗಿ ಏರಬೇಕೆಂದು ವಿಮಾನ ಮೊದಲು ಪೂರ್ವಕ್ಕೆ ಹೋಗಿ ಆಮೇಲೆ ಪಶ್ಚಿಮಕ್ಕೆ ತಿರುಗಿತು. ಜುಲೈಯಲ್ಲಿ ಗಾಳಿ ಪಶ್ಚಿಮದ್ದು. ನಿಮ್ಮ ತಾಯಿಯವರಿಗೆ ಆ ಸುತ್ತು ತಪ್ಪೀತು.

ಆದರೆ ಜುಲೈಗೆ ಬೇರೆಯದೇ ಕಾಟ. ಬಜ್ಪೆಯದು ಗುಡ್ಡದ ನೆತ್ತಿ ಸಮಮಾಡಿ ಹಾಕಿದ 2,450 ಮೀಟರ್ ರನ್‌ವೇ. ಮಳೆ, ಮೋಡ ಕವಿದು ಅದು ಕಾಣದೇ ಹೋದರೆ ಪೈಲಟ್ ಇಳಿಸುವುದಿಲ್ಲ. ಮೇಲೆ ಸುತ್ತು ಹಾಕಿ, ಆಗದಿದ್ದರೆ ಬೇರೆ ಊರಿಗೆ ಒಯ್ಯುತ್ತಾನೆ. ಒಮ್ಮೆ ಹಾಗೆ ಬೆಂಗಳೂರಿಗೇ ವಾಪಸಾಗಿ, ಸಂಜೆ ಮನೆಯಲ್ಲಿ ಅನ್ನ ಸಾರು ಉಂಡಿದ್ದೇನೆ. ಆದ್ದರಿಂದ ನಾಮಕರಣದ ದಿನ ಬೆಳಿಗ್ಗೆ ಹೊರಡಿಸಬೇಡಿ, ಹಿಂದಿನ ದಿನವೇ ಕಳುಹಿಸಿ.

ರೈಲಿಗೆ ಹತ್ತು ಗಂಟೆ ಆಸುಪಾಸು ಬೇಕು. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್‌ವರೆಗಿನ 55 ಕಿ.ಮೀ. ಘಾಟಿಯಲ್ಲಿ 57 ಸುರಂಗಗಳಿವೆ. ಅಲ್ಲಿ ರೈಲು ಹೆಜ್ಜೆ ಎಣಿಸಿಕೊಂಡೇ ಇಳಿಯುವುದು. ಮಳೆಗಾಲದಲ್ಲಿ ಅಲ್ಲೂ ಗುಡ್ಡ ಕುಸಿಯುತ್ತದೆ, ಶಿರಾಡಿಯ ರಸ್ತೆಗೂ ಅದೇ ಗತಿ. ಮಲಗಿದರೆ ನಿದ್ದೆ ಬರುವವರಿಗೆ, ಕೆಳಗಿನ ಬರ್ತ್ ಸಿಕ್ಕರೆ, ನನ್ನ ಮತ ರೈಲಿಗೇ. ಮಂಡಿನೋವಿದ್ದು ರಾತ್ರಿ ಎರಡೆರಡು ಸಲ ಏಳುವವರಾದರೆ ವಿಮಾನ.

ವಿಮಾನವಾದರೆ ಟಿಕೆಟ್ ಮಾಡಿಸುವಾಗಲೇ ವೀಲ್‌ಚೇರ್ ಬೇಕೆಂದು ತಿಳಿಸಿ. ದೇವನಹಳ್ಳಿಯ ನಿಲ್ದಾಣದೊಳಗಿನ ನಡಿಗೆ ಸಣ್ಣದಲ್ಲ. ಅಮ್ಮ ಬೇಡವೆನ್ನುತ್ತಾರೆ, ಕೇಳಬೇಡಿ. ನಾನೂ ಮೊದಲ ಸಲ ಬೇಡವೆಂದಿದ್ದೆ.