ಸಂಪಾದಕರ ಉತ್ತರ: ಬ್ರೌಸರ್ ಕಟ್ಟಲು ಹೊರಟವರಿಗೆ

ಹಾಸನದಿಂದ ಎಂಜಿನಿಯರಿಂಗ್ ಓದುವ ವಿದ್ಯಾರ್ಥಿನಿಯೊಬ್ಬರು ಬರೆದಿದ್ದಾರೆ: 'ನಾವು ನಾಲ್ಕು ಜನ ಗೆಳೆಯರು ಸೇರಿ ಒಂದು ಬ್ರೌಸರ್ ಮಾಡಬೇಕು ಅಂದುಕೊಂಡಿದ್ದೇವೆ. ಕೋಡ್ ಎಲ್ಲರಿಗೂ ತೆರೆದಿರುತ್ತದೆ. ನಡುವೆ ಯಾವ ಕಂಪನಿಯ ಸರ್ವರೂ ಇರುವುದಿಲ್ಲ, ಹಾಗಾಗಿ ಗುಟ್ಟು ಗುಟ್ಟಾಗಿ ಉಳಿಯುತ್ತದೆ, ಯಾರ ಬಾಯನ್ನೂ ಮುಚ್ಚಿಸಲು ಆಗುವುದಿಲ್ಲ. ಇದು ಆಗುವ ಕೆಲಸವೇ? ಮನೆಯಲ್ಲಿ ಮಾತ್ರ, ಮುಚ್ಚಿಡುವಂಥದ್ದು ಏನಿದೆ ನಿಮಗೆ ಅಂತ ಕೇಳುತ್ತಾರೆ.'

ಮನೆಯವರ ಪ್ರಶ್ನೆಯಿಂದಲೇ ಶುರು ಮಾಡೋಣ. ಹೋದ ಮಳೆಗಾಲದಲ್ಲಿ ನನ್ನ ತಾಯಿಗೆ ಬಂದ ಕಾಯಿಲೆಯ ಹೆಸರನ್ನು ಕಚೇರಿಯ ಕಂಪ್ಯೂಟರಿನಲ್ಲಿ ಹುಡುಕಿದ್ದೆ. ಮಾರನೇ ದಿನ ಸಹೋದ್ಯೋಗಿಯೊಬ್ಬರು ಅದೇ ಕಂಪ್ಯೂಟರಿನಲ್ಲಿ ಕಾಫಿ ಧಾರಣೆ ನೋಡುತ್ತಿದ್ದರು. ಪಕ್ಕದಲ್ಲೇ ಆ ಕಾಯಿಲೆಯ ಔಷಧಿಯ ಜಾಹೀರಾತು. 'ಮನೆಯಲ್ಲಿ ಯಾರಿಗೆ ಹುಷಾರಿಲ್ಲ ಸಾರ್?' ಅಂತ ಮೆಲ್ಲಗೆ ಕೇಳಿದರು. ನಾನು ಯಾರಿಗೂ ಹೇಳಿರಲಿಲ್ಲ. ಹೇಳಬೇಡ ಅಂತ ಅಮ್ಮನೇ ಅಂದಿದ್ದರು. ಕಾಯಿಲೆ ಅವಮಾನದ ವಿಷಯ ಅಲ್ಲ. ಆದರೆ ಯಾರಿಗೆ, ಯಾವಾಗ ಹೇಳಬೇಕು ಅನ್ನುವುದು ಅಮ್ಮನ ಕೈಯಲ್ಲಿರಬೇಕಿತ್ತು ಅಲ್ವಾ? ಮನೆಯಲ್ಲಿ ಇದನ್ನೇ ಹೇಳಿ. ಖಾಸಗಿತನ ಮೂಲಭೂತ ಹಕ್ಕು ಎಂದು 2017ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟಿನ 9 ನ್ಯಾಯಮೂರ್ತಿಗಳ ಪೀಠ ಒಮ್ಮತದಿಂದ ಹೇಳಿತು. ಆ ಮೊಕದ್ದಮೆ ಹೂಡಿದವರು ನಮ್ಮದೇ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ.

ಎಂಜಿನ್ನನ್ನು, ಅಂದರೆ ಪುಟದ ಕೋಡನ್ನು ಓದಿ ತೆರೆಯ ಮೇಲೆ ಮೂಡಿಸುವ ಭಾಗವನ್ನು, ಸೊನ್ನೆಯಿಂದ ಬರೆಯಲು ಮಾತ್ರ ಹೋಗಬೇಡಿ. ಹಳೆಯ ಬ್ರೌಸರ್ ಕಂಪನಿ ನೆಟ್‌ಸ್ಕೇಪ್ ತನ್ನ ಕೋಡನ್ನು 1998ರಲ್ಲಿ ಎಲ್ಲರಿಗೂ ಬಿಟ್ಟುಕೊಟ್ಟಿತು. ಅದರಿಂದ ಬೆಳೆದ ಫೈರ್‌ಫಾಕ್ಸ್ 1.0 ಬರುವಷ್ಟರಲ್ಲಿ 2004 ಆಗಿತ್ತು. ನೀವು ನಾಲ್ಕು ಜನ, ಜೊತೆಗೆ ಪರೀಕ್ಷೆ ಬೇರೆ. ಫೈರ್‌ಫಾಕ್ಸಿನ ಗೆಕ್ಕೊ ಎಂಜಿನ್ ಮೇಲೆ ಕಟ್ಟಿ. ನೋಡುವವರ ಗುರುತು ಮುಚ್ಚಿಡುವ ಟಾರ್ ಬ್ರೌಸರ್ ನಿಂತಿರುವುದೂ ಅದರ ಮೇಲೇ.

ನಿಮ್ಮ ಪತ್ರದಲ್ಲಿ ನನ್ನನ್ನು ತಡೆದು ನಿಲ್ಲಿಸಿದ್ದು 'ಹಾಗಾಗಿ' ಅನ್ನುವ ಒಂದು ಪದ. ನಡುವೆ ಸರ್ವರ್ ಇಲ್ಲದಿದ್ದರೆ ಗುಟ್ಟು ತಾನಾಗಿ ಉಳಿಯುವುದಿಲ್ಲ. ಬಳಸುವವರ ಕಂಪ್ಯೂಟರುಗಳೇ ಬರಹಗಳನ್ನು ಇಟ್ಟುಕೊಂಡು ಹಂಚುವ ಐಪಿಎಫ್‌ಎಸ್ ಎಂಬ ಜಾಲವನ್ನು ನೋಡಿ. ಅಲ್ಲಿ ಸರ್ವರಿನ ವಿಳಾಸ ಹೇಳುವುದಿಲ್ಲ, ಬರಹದ ಹ್ಯಾಶ್ (ಬರಹದಿಂದಲೇ ಲೆಕ್ಕ ಹಾಕಿ ತೆಗೆದ ಗುರುತಿನ ಸಂಖ್ಯೆ) ಹೇಳಿ 'ಇದು ಯಾರ ಹತ್ತಿರ ಇದೆ?' ಅಂತ ಕೇಳುತ್ತೇವೆ. ಒಂದೇ ಒಂದು ಅಕ್ಷರ ಬದಲಾದರೂ ಹ್ಯಾಶ್ ಬದಲಾಗುತ್ತದೆ, ಹಾಗಾಗಿ ಯಾರಾದರೂ ತಿದ್ದಿದ್ದರೆ ಕೂಡಲೇ ಗೊತ್ತಾಗುತ್ತದೆ. ಒಂದು ಕಡೆ ಮುಚ್ಚಿಸಿದರೂ ಇನ್ನೊಬ್ಬರು ಇಟ್ಟುಕೊಂಡಿದ್ದರೆ ಬರಹ ಸಿಗುತ್ತದೆ. ಮಾತಿನ ಸ್ವಾತಂತ್ರ್ಯಕ್ಕೆ ಇದು ದೊಡ್ಡ ಬಲ. ಆದರೆ ಸಂತೆಯ ನಡುವೆ ನಿಂತು ಕೂಗಿ ಕೇಳಿದ ಹಾಗೆ. ನೀವು ಏನು ಹುಡುಕುತ್ತಿದ್ದೀರಿ ಅನ್ನುವುದು ಜಾಲದಲ್ಲಿ ನಿಮ್ಮ ಸಂಪರ್ಕವನ್ನು ಗುರುತಿಸುವ ಐಪಿ ವಿಳಾಸದ ಸಮೇತ ಎಷ್ಟೋ ಅಪರಿಚಿತ ಕಂಪ್ಯೂಟರುಗಳಿಗೆ ಕಾಣುತ್ತದೆ. ಅಮ್ಮನ ಕಾಯಿಲೆಯನ್ನು ನಾನು ಅಲ್ಲಿ ಹುಡುಕಲಾರೆ.

ಗುಟ್ಟಿಗೆ ಟಾರ್ ದಾರಿಯೇ ಬೇಕು. ಕೊಟ್ಟಿಗೆಹಾರದಿಂದ ಹಾಸನಕ್ಕೆ ಬಸ್ಸಿನಲ್ಲಿ ಕವರ್ ಕಳಿಸುತ್ತೇವಲ್ಲ, ಹಾಗೆ ಅಂದುಕೊಳ್ಳಿ. ಒಂದರೊಳಗೊಂದು ಮೂರು ಕವರ್, ದಾರಿಯಲ್ಲಿ ಮೂರು ಬಸ್ಸು. ಪ್ರತಿ ಕಂಡಕ್ಟರೂ ಹೊರಗಿನ ಕವರ್ ಒಂದನ್ನಷ್ಟೇ ಬಿಚ್ಚಿ ಮುಂದಿನವರಿಗೆ ಕೊಡುತ್ತಾರೆ. ಮೊದಲನೆಯವರಿಗೆ ಕಳಿಸಿದವರು ಗೊತ್ತು, ಮುಟ್ಟುವ ಮನೆ ಗೊತ್ತಿಲ್ಲ. ಕೊನೆಯವರಿಗೆ ಮನೆ ಗೊತ್ತು, ಕಳಿಸಿದವರು ಗೊತ್ತಿಲ್ಲ. ನಡುವಿನವರಿಗೆ ಎರಡೂ ಗೊತ್ತಿಲ್ಲ. ಸುತ್ತುದಾರಿಯಾದ್ದರಿಂದ ತಡ ಜಾಸ್ತಿ. ನಮ್ಮ ಕಡೆ ಮಳೆ ಹಿಡಿದ ದಿನದ ಸಿಗ್ನಲ್ಲಿನಲ್ಲಿ ಪರೀಕ್ಷೆ ಮಾಡಿ ನೋಡಿ, ಬೆಂಗಳೂರಿನ ವೈಫೈಯಲ್ಲಿ ಅಲ್ಲ.

ಇನ್ನೊಂದು ಮಾತು. ಜಾಲದಲ್ಲಿ ಆಕ್ಷೇಪಾರ್ಹವಾಗಿ ಬರೆದರೆಂದು ಜೈಲಿಗೆ ಕಳಿಸಲು ಅವಕಾಶವಿದ್ದ ಐಟಿ ಕಾಯ್ದೆಯ 66ಎ ಸೆಕ್ಷನ್ನನ್ನು 2015ರಲ್ಲಿ ಸುಪ್ರೀಂ ಕೋರ್ಟ್ ರದ್ದು ಮಾಡಿದ ದಿನ ಮನಸಾರೆ ಖುಷಿಪಟ್ಟವನು ನಾನು. ಆದರೂ ಯಾರೂ ಅಳಿಸಲಾಗದ ಬರಹ ಅಂದರೆ ಯಾರೂ ಅಳಿಸಲಾಗದ ಫೋಟೊ ಕೂಡ ಹೌದು. ಹುಡುಗಿಯೊಬ್ಬಳ ಚಿತ್ರವನ್ನು ಯಾರೋ ಹಾಕಿಬಿಟ್ಟರೆ ಅವಳು ಯಾರ ಬಾಗಿಲು ತಟ್ಟಬೇಕು? ಇದಕ್ಕೆ ನನ್ನ ಹತ್ತಿರ ಪೂರ್ತಿ ಉತ್ತರ ಇಲ್ಲ. ತಮ್ಮ ಕಂಪ್ಯೂಟರಿನಲ್ಲಿ ಏನು ಉಳಿಯಬೇಕು ಅನ್ನುವುದನ್ನು ಬಳಸುವವರೇ ತೀರ್ಮಾನಿಸುವ ಹಾಗೆ, ಬೇಡದ ಹ್ಯಾಶ್‌ಗಳ ಪಟ್ಟಿಯನ್ನು ಒಬ್ಬರಿಗೊಬ್ಬರು ಹಂಚಿಕೊಳ್ಳುವ ಹಾಗೆ ಮೊದಲ ದಿನವೇ ಮಾಡಿ. ಆಮೇಲೆ ಸೇರಿಸೋಣ ಅಂತ ಬಿಡಬೇಡಿ.

ಸೆಟ್ಟಿಂಗ್ಸ್ ಪುಟ ಕನ್ನಡದಲ್ಲಿರಲಿ, ನನ್ನ ತಾಯಿಗೆ ಅರ್ಥವಾಗುವ ಕನ್ನಡದಲ್ಲಿ. 'ತೃತೀಯ ಪಕ್ಷದ ಕುಕೀಗಳನ್ನು ನಿರ್ಬಂಧಿಸಿ' ಅಂದರೆ ಅವರು ಸುಮ್ನೆ ಮುಂದೆ ಹೋಗುತ್ತಾರೆ. 'ಈ ಪುಟದಲ್ಲಿ ಹೊರಗಿನವರು ನಿಮ್ಮ ಗುರುತು ಇಟ್ಟುಕೊಳ್ಳಲು ನೋಡುತ್ತಿದ್ದಾರೆ, ಬಿಡಬೇಕಾ?' ಅಂತ ಕೇಳಿದರೆ ಬೇಡ ಅನ್ನುತ್ತಾರೆ. ಆ ಸಾಲುಗಳನ್ನೆಲ್ಲ ಒಂದು ಕಡತಕ್ಕೆ ಹಾಕಿ ನಮಗೆ ಕಳಿಸಿ. ಕರಡು ತಿದ್ದುವ ಕೆಲಸ ನಮ್ಮದು.