ಕಾಲಂಗೆ ಕಾರ್ಬನ್ ಸುತ್ತಿ ಇನ್ನೊಂದು ಮಹಡಿ ಏರಿಸಬಹುದೇ?

ಪ್ರಶ್ನೆ: ನಮ್ಮದು ಎರಡು ಮಹಡಿಯ ಮನೆ. ಕಾಲಂಗಳು 9×12 ಇಂಚು, ಎಂ20 ಕಾಂಕ್ರೀಟ್. ಒಂದು ಸುತ್ತು ಕಾರ್ಬನ್ ಫೈಬರ್ ಹಾಕಿಸಿದರೆ ಕಾಲಂ ಬಲ ದುಪ್ಪಟ್ಟಾಗುತ್ತದೆ, ಮೂರನೇ ಮಹಡಿ ಧೈರ್ಯವಾಗಿ ಕಟ್ಟಿ ಎನ್ನುತ್ತಾರೆ ಗುತ್ತಿಗೆದಾರರು. ನಂಬಬಹುದೇ?

ಬೇಡ. ಊರು, ಅಳತೆ ಬದಲಾಗಿ ಇದೇ ಪ್ರಶ್ನೆ ಬರುತ್ತಲೇ ಇರುವುದರಿಂದ ಈ ಸಲ ಲೆಕ್ಕ ಹಾಕಿಯೇ ತೋರಿಸುತ್ತೇನೆ.

ಕಾರ್ಬನ್ ಫೈಬರ್ ಬರುವುದು ಬಟ್ಟೆಯ ರೂಪದಲ್ಲಿ. ಆ ಬಟ್ಟೆಯ ಎಳೆಗಳು ಕಾಲಂ ಸುತ್ತ ಅಡ್ಡಡ್ಡ ಇರುತ್ತವೆ. ಮೇಲಿನ ಭಾರವನ್ನು ಅವು ಹೊರುವುದೇ ಇಲ್ಲ. ಹೊರುವುದು ಕಾಂಕ್ರೀಟ್ ಮತ್ತು ಉದ್ದದ ಕಂಬಿಗಳು. ಭಾರ ಮಿತಿಯ ಹತ್ತಿರ ಬಂದಾಗ ಕಾಂಕ್ರೀಟಿನೊಳಗೆ ಸಣ್ಣ ಬಿರುಕು ಮೂಡಿ ಅದು ಪಕ್ಕಕ್ಕೆ ಉಬ್ಬತೊಡಗುತ್ತದೆ. ಆಗ ಬಟ್ಟೆ ಬಿಗಿಯಾಗಿ ಆ ಉಬ್ಬನ್ನು ಅದುಮುತ್ತದೆ, ಅದುಮಿಸಿಕೊಂಡ ಕಾಂಕ್ರೀಟ್ ಇನ್ನಷ್ಟು ತಾಳುತ್ತದೆ. ಉಬ್ಬುವ ತನಕ ಕಾರ್ಬನ್‌ಗೆ ಕೆಲಸವೇ ಇಲ್ಲ. ಉಕ್ಕಿನ ಕೊಳವೆಯಾದರೆ ಯೀಲ್ಡ್ ಆದ ಮೇಲೆ, ಅಂದರೆ ಮೊದಲಿನ ಆಕಾರಕ್ಕೆ ಮರಳದಷ್ಟು ಹಿಗ್ಗತೊಡಗಿದ ಮೇಲೆ, ಅದುಮುವ ಒತ್ತಡ ಏರುವುದು ನಿಲ್ಲುತ್ತದೆ, ಆದರೆ ಕೊಳವೆ ಹಿಗ್ಗಿ ಮುನ್ಸೂಚನೆ ಕೊಡುತ್ತದೆ. ಕಾರ್ಬನ್ ಕೊನೆಯ ಕ್ಷಣದವರೆಗೂ ಒತ್ತಡ ಏರಿಸುತ್ತಲೇ ಹೋಗಿ ಫಟ್ಟನೆ ಹರಿಯುತ್ತದೆ.

ಈಗ ಅಂಕಿ. 0.167 ಮಿ.ಮೀ. ದಪ್ಪದ ಒಂದು ಪದರ, ಸ್ಥಿತಿಸ್ಥಾಪಕಾಂಕ (ಎಳೆದರೆ ಎಷ್ಟು ಹಿಗ್ಗದೆ ತಡೆಯುತ್ತದೆ ಎಂಬ ಅಳತೆ) 230 ಗಿಗಾಪ್ಯಾಸ್ಕಲ್, ಬಳಸಬಹುದಾದ ಹಿಗ್ಗು ಶೇ 0.8 ಎಂದಿಟ್ಟುಕೊಳ್ಳಿ. 300 ಮಿ.ಮೀ. ವ್ಯಾಸದ ದುಂಡು ಕಾಲಂ ಆದರೆ ಅದುಮುವ ಒತ್ತಡ ಸುಮಾರು 2 ಮೆಗಾಪ್ಯಾಸ್ಕಲ್. ಅಮೆರಿಕದ ಕಾಂಕ್ರೀಟ್ ಸಂಸ್ಥೆ ಎಸಿಐನ 440.2ಆರ್ ಮಾರ್ಗದರ್ಶಿಯ ಸೂತ್ರದಂತೆ ಕಾಂಕ್ರೀಟಿನ ಬಲ 6.4 ಮೆಗಾಪ್ಯಾಸ್ಕಲ್‌ನಷ್ಟು ಏರುತ್ತದೆ. ನಿಮ್ಮ 9×12 ಇಂಚಿನ, ಅಂದರೆ 230×300 ಮಿ.ಮೀ. ಆಯತದಲ್ಲಿ ವಿಸ್ತೀರ್ಣ ಹೆಚ್ಚುಕಡಿಮೆ ಅಷ್ಟೇ, ಬಟ್ಟೆಯೂ ಅದೇ. ಮೂಲೆಗಳನ್ನು 25 ಮಿ.ಮೀ. ತ್ರಿಜ್ಯಕ್ಕೆ ದುಂಡಗೆ ಉಜ್ಜಿದ ಮೇಲೂ ಏರಿಕೆ ಬರೀ 1.7 ಮೆಗಾಪ್ಯಾಸ್ಕಲ್. ಚಪ್ಪಟೆ ಮುಖದ ಮೇಲೆ ಬಟ್ಟೆ ಹೊರಕ್ಕೆ ಬಾಗುತ್ತದೆಯೇ ಹೊರತು ಅದುಮುವುದಿಲ್ಲ, ಬಿಗಿತವೆಲ್ಲ ಮೂಲೆಗಳಲ್ಲಿ. ಎಂ20ರ ಸಿಲಿಂಡರ್ ಬಲ (ಉರುಳೆಯಾಕಾರದ ಮಾದರಿ ಒಡೆದು ಅಳೆದದ್ದು) ಸುಮಾರು 16 ಮೆಗಾಪ್ಯಾಸ್ಕಲ್. ಹದಿನಾರಕ್ಕೆ 1.7 ಸೇರಿದರೆ ದುಪ್ಪಟ್ಟು ಹೇಗಾಯಿತು ಎಂದು ನಿಮ್ಮ ಗುತ್ತಿಗೆದಾರರನ್ನೇ ಕೇಳಿ.

ಅದೇ ಎಸಿಐನ ಇನ್ನೊಂದು ನಿಯಮವನ್ನು ಬಟ್ಟೆ ಮಾರುವವರು ಬಾಯಿಬಿಟ್ಟು ಹೇಳುವುದಿಲ್ಲ. ಬಟ್ಟೆ ಇಲ್ಲದೆಯೂ ಹಳೆಯ ಕಾಲಂ ಹೊಸ ಸ್ಥಿರಭಾರದ (ಕಟ್ಟಡದ ಸ್ವಂತ ತೂಕ) 1.1 ಪಟ್ಟು ಮತ್ತು ಚರಭಾರದ (ಜನ, ಸಾಮಾನು) 0.75 ಪಟ್ಟು ಹೊರಬೇಕು. ಹಾನಿಯಿಂದಲೋ ಬೇರೆ ಕಾರಣಕ್ಕೋ ಬಟ್ಟೆ ಕೈಕೊಟ್ಟರೂ ಕಟ್ಟಡ ಬೀಳಬಾರದು. ಬೆಂಕಿಯ ಭಯವೂ ಇದೆ: ಬಟ್ಟೆ ಅಂಟಿಸಲು ಸೈಟ್‌ನಲ್ಲಿ ಗಟ್ಟಿಯಾಗುವ ಎಪಾಕ್ಸಿ 60ರಿಂದ 80 ಡಿಗ್ರಿಗೇ ಮೆತ್ತಗಾಗುತ್ತದೆ. ಪೂರ್ತಿ ಮಹಡಿ ಸೇರಿಸುವ ಮನೆಗಳಲ್ಲಿ ಎಷ್ಟೋ ಲೆಕ್ಕ ಇಲ್ಲೇ ಮುಗಿಯುತ್ತದೆ.

ಏರಿಸಲೇಬೇಕಿದ್ದರೆ ಕಾಂಕ್ರೀಟ್ ಜ್ಯಾಕೆಟ್, ಅಂದರೆ ಹಳೆಯ ಕಾಲಂ ಸುತ್ತ ಕಂಬಿ ಕಟ್ಟಿ ಸುರಿಯುವ ಹೊಸ ಕಾಂಕ್ರೀಟ್. ಭಾರತೀಯ ಮಾನಕ ಐಎಸ್ 15988ರಂತೆ ಕನಿಷ್ಠ 100 ಮಿ.ಮೀ. ದಪ್ಪ, ಹಳೆಯದಕ್ಕಿಂತ ಕನಿಷ್ಠ 5 ಮೆಗಾಪ್ಯಾಸ್ಕಲ್ ಹೆಚ್ಚಿನ ಕಾಂಕ್ರೀಟ್. ಹೊಸ ಕಂಬಿ ಫುಟಿಂಗ್‌ನಿಂದಲೇ ಹೊರಟು ಸ್ಲ್ಯಾಬ್ ಕೊರೆದು ಮೇಲಕ್ಕೆ ಹೋಗಬೇಕು. ನೆಲದ ಟೈಲ್ಸ್ ಮೇಲೆ ನಿಲ್ಲಿಸಿದ ಜ್ಯಾಕೆಟ್ ಬರೀ ಅಲಂಕಾರ. ಸುರಿಯುವ ಮೊದಲು ಜ್ಯಾಕ್ ಕೊಟ್ಟು ಭಾರ ಇಳಿಸದಿದ್ದರೆ ಈಗಿರುವ ಭಾರವನ್ನೆಲ್ಲ ಹಳೆಯ ಕಾಂಕ್ರೀಟೇ ಹೊರುತ್ತಿರುತ್ತದೆ. ಫುಟಿಂಗ್ ಅಗೆದು ಅಳೆಯದೆ, ಮಣ್ಣು ಪರೀಕ್ಷಿಸದೆ ಇದ್ಯಾವುದನ್ನೂ ಶುರುಮಾಡಬೇಡಿ. ಕಾಲಂಗೆ ಏನೇ ಸುತ್ತಿದರೂ ಅಡಿಯ ಮಣ್ಣಿನ ಬಲ ಏರುವುದಿಲ್ಲ.

ಹಾಗಾದರೆ ಬಟ್ಟೆ ದಂಡವೇ? ಖಂಡಿತ ಅಲ್ಲ. ಭೂಕಂಪದಲ್ಲಿ ಕಾಲಂ ಕತ್ತರಿಸಿಹೋಗದಂತೆ, ಪುಡಿಯಾಗದೆ ಬಾಗುವಂತೆ ಮಾಡುವುದರಲ್ಲಿ ಅದು ಬಲು ಗಟ್ಟಿ. 1989ರ ಲೋಮಾ ಪ್ರಿಯೆಟಾ ಭೂಕಂಪದ ನಂತರ ಕ್ಯಾಲಿಫೋರ್ನಿಯಾದ ಸೇತುವೆ ಕಾಲಂಗಳಿಗೆ ಉಕ್ಕಿನ ಕವಚ, ಆಮೇಲೆ ಫೈಬರ್ ಹಾಕಿದ್ದು ಇದಕ್ಕೇ. ಹಾಕಿಸುವವರು ಗಮನಿಸಿ: ಪೊಳ್ಳು ಕಂಡಲ್ಲಿ ಮೊದಲು ತುಂಬಿಸಿ, ಕಾಲಂ ಮೈ ಇಬ್ಬನಿ ಬಿಂದುವಿಗಿಂತ (ಗಾಳಿಯ ತೇವ ನೀರಾಗಿ ಕೂರುವ ತಾಪ) ಕನಿಷ್ಠ 3 ಡಿಗ್ರಿ ಬೆಚ್ಚಗಿರಲಿ, ಎಪಾಕ್ಸಿಯ ಎರಡು ಭಾಗಗಳನ್ನು ತೂಗಿಯೇ ಬೆರೆಸಿ, ಬಟ್ಟೆಯ ತುದಿ 150 ಮಿ.ಮೀ.ಗೆ ಕಡಿಮೆಯಿಲ್ಲದಂತೆ ಒಂದರ ಮೇಲೊಂದು ಬರಲಿ. ಒಣಗಿದ ಮೇಲೆ ನಾಣ್ಯದಿಂದ ತಟ್ಟಿ ಟೊಳ್ಳು ಸದ್ದು ಕೇಳಿ.

ಪ್ರಶ್ನೆ: ತುಕ್ಕಿನಿಂದ ಬಿರಿದ ಕಾಲಂ ಮೇಲೇ ಬಟ್ಟೆ ಸುತ್ತಿಸಬಹುದೇ?

ಕೂಡದು. ತುಕ್ಕು ಒಳಗೆ ಊದುತ್ತಲೇ ಇರುತ್ತದೆ, ನಿಮಗೆ ಕಾಣದಂತಾಗುತ್ತದೆ ಅಷ್ಟೇ.

ಪ್ರಶ್ನೆ: ಪ್ಲಾಸ್ಟರ್‌ಗೆ ಬಳಸುವ ಗ್ಲಾಸ್ ಫೈಬರ್ ಜಾಲರಿ ಸಾಲದೇ?

ಅದು ಪ್ಲಾಸ್ಟರ್ ಬಿರುಕಿಗೆ.

ಪ್ರಶ್ನೆ: ಮೂಲೆಗೊಂದು ಆಂಗಲ್ ನಿಲ್ಲಿಸಿ ಪಟ್ಟಿ ವೆಲ್ಡ್ ಮಾಡಿದ್ದಾರೆ. ಭಾರ ಹೊರುತ್ತದೆಯೇ?

ಆಂಗಲ್‌ನ ತಲೆ ಮತ್ತು ಬೀಮಿನ ನಡುವೆ ಬೆರಳು ತೂರುತ್ತದೆಯೇ ನೋಡಿ. ತೂರಿದರೆ ಇಲ್ಲ. ಪ್ಲೇಟ್ ಕೊಟ್ಟು, ಕುಗ್ಗದ ಗ್ರೌಟ್ ತುಂಬಿದರಷ್ಟೇ ಭಾರ ಉಕ್ಕಿಗೆ ಇಳಿಯುತ್ತದೆ.

ಪ್ರಶ್ನೆ: ಹೊರಗೆ ಫೈಬರ್ ಕೊಳವೆ, ಒಳಗೆ ಉಕ್ಕಿನ ಕೊಳವೆ, ನಡುವೆ ಕಾಂಕ್ರೀಟ್ ಇರುವ ಕಾಲಂ ಮನೆಗೆ ಆಗುತ್ತದೆಯೇ?

ಹಾಂಗ್‌ಕಾಂಗ್ ಪಾಲಿಟೆಕ್ನಿಕ್ ವಿಶ್ವವಿದ್ಯಾಲಯದಲ್ಲಿ ಜೆ.ಜಿ. ಟೆಂಗ್ ತಂಡ ರೂಪಿಸಿದ ವಿನ್ಯಾಸ ಇದು. ಭಾರ, ಬಾಗು ಎರಡನ್ನೂ ಉಕ್ಕು ಹಂಚಿಕೊಳ್ಳುತ್ತದೆ, ಕಾಂಕ್ರೀಟ್ ಉಕ್ಕನ್ನು ಹೊರಕ್ಕೆ ಮಡಚಿಕೊಳ್ಳಲು ಬಿಡುವುದಿಲ್ಲ, ಫೈಬರ್ ಕಾಂಕ್ರೀಟನ್ನು ಅದುಮುವುದರ ಜೊತೆಗೆ ಉಪ್ಪುನೀರನ್ನೂ ದೂರವಿಡುತ್ತದೆ. ಸಮುದ್ರದಂಚಿನ ಸೇತುವೆಗೆ ಒಪ್ಪುವಂಥದ್ದು. ಮನೆಗೆ ಬೇಡ: ಬೀಮು ಸೇರುವ ಜಾಗದಲ್ಲಿ ಫೈಬರ್ ಕೊಳವೆಯನ್ನು ಕತ್ತರಿಸಬೇಕಾಗುತ್ತದೆ, ಆ ಸಂಧಿಯ ವಿನ್ಯಾಸ ನಿಮ್ಮ ಮೇಸ್ತ್ರಿಯ ಕೈಮೀರಿದ್ದು.