ಮೆಕ್ಯಾನಿಕಲ್ ವಾಲ್ವ್ ಹಾಕಿಸಿಕೊಂಡವರು ಐಎನ್‌ಆರ್ ಪರೀಕ್ಷೆ ಬೇಡದ ಹೊಸ ಮಾತ್ರೆಗೆ ಬದಲಾಗಬಹುದೇ?

ನಿಮ್ಮ ತಾಯಿಯವರಿಗೆ ಹೃದಯದ ಎಡಭಾಗದ ಎರಡು ಕೋಣೆಗಳ ನಡುವಿನ ಮೈಟ್ರಲ್ ಕವಾಟದ ಜಾಗದಲ್ಲಿ ಮೆಕ್ಯಾನಿಕಲ್ (ಕೃತಕ) ವಾಲ್ವ್ ಇದೆ, ರಕ್ತ ಹೆಪ್ಪುಗಟ್ಟಲು ಎಷ್ಟು ಹೊತ್ತು ಹಿಡಿಯುತ್ತದೆಂದು ಅಳೆಯುವ ಐಎನ್‌ಆರ್ ಪರೀಕ್ಷೆಗೆ ಪ್ರತಿ ತಿಂಗಳೂ ಓಡಾಡಿ ಸಾಕಾಗಿದೆ, ಸೊಪ್ಪನ್ನೂ ಬಿಡಿಸಿದ್ದೀರಿ, ಆದ್ದರಿಂದ ಆ ಪರೀಕ್ಷೆ ಬೇಡದ ಹೊಸ ಮಾತ್ರೆ ಡಾಬಿಗಾಟ್ರಾನ್ ಆಗಬಹುದೇ ಎಂದು ಕೇಳಿದ್ದೀರಿ. ದಯವಿಟ್ಟು ಬೇಡ. ನಾನು ಹಾಗೆ ಬದಲಾಯಿಸಿಕೊಂಡು ಬಲಗೈಯ ಶಕ್ತಿ ಕಳೆದುಕೊಂಡವನು.

ಬಾಲ್ಯದಲ್ಲಿ ಬಂದ ರುಮ್ಯಾಟಿಕ್ ಜ್ವರದಿಂದ ನನ್ನ ಮೈಟ್ರಲ್ ಕವಾಟ ಹಾಳಾಗಿತ್ತು. ಶಸ್ತ್ರಚಿಕಿತ್ಸೆಯ ನಂತರ ವರ್ಷಗಟ್ಟಲೆ ವಾರ್ಫರಿನ್ ಬಗೆಯ ಹಳೆಯ ಮಾತ್ರೆಯಾದ ಅಸಿಟ್ರಾಮ್ ನುಂಗುತ್ತಿದ್ದೆ. ನಮ್ಮ ದೊಡ್ಡಪ್ಪನವರಿಗೆ ಹೃದಯದ ಬಡಿತ ತಾಳ ತಪ್ಪುವ ತೊಂದರೆಯಿತ್ತು. ಅವರಿಗೆ ವೈದ್ಯರು ಡಾಬಿಗಾಟ್ರಾನ್ ಕೊಟ್ಟಿದ್ದರು, ಪರೀಕ್ಷೆಯೂ ಇರಲಿಲ್ಲ, ಪಥ್ಯವೂ ಇರಲಿಲ್ಲ. ಎರಡೂ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಮಾತ್ರೆಗಳೇ ತಾನೇ ಎಂದುಕೊಂಡು, ನನ್ನ ವೈದ್ಯರನ್ನು ಕೇಳದೆ, ದೊಡ್ಡಪ್ಪನವರ ಚೀಟಿ ತೋರಿಸಿ ಅದನ್ನೇ ತಂದು ನುಂಗತೊಡಗಿದೆ. ಕೆಲವು ವಾರಗಳಲ್ಲಿ ವಾಲ್ವ್ ಮೇಲೆ ಕಟ್ಟಿದ ಹೆಪ್ಪಿನ ಚೂರೊಂದು ಮಿದುಳಿಗೆ ಹೋಯಿತು.

ತಪ್ಪು ಎಲ್ಲಿತ್ತೆಂಬುದನ್ನು ವಿವರವಾಗಿ ಹೇಳಲೇಬೇಕು, ಏಕೆಂದರೆ ನಿಮ್ಮ ಪ್ರಶ್ನೆಯಲ್ಲೂ ಅದೇ ಅಡಗಿದೆ. ದೊಡ್ಡಪ್ಪನವರಂಥವರಲ್ಲಿ ಹೃದಯದ ಎಡ ಮೇಲ್ಕೋಣೆಯಲ್ಲಿ ರಕ್ತ ನಿಧಾನವಾಗಿ ನಿಂತು ಹೆಪ್ಪುಗಟ್ಟುತ್ತದೆ. ಅಂಥ ಕಡೆ ಡಾಬಿಗಾಟ್ರಾನ್ ಚೆನ್ನಾಗಿ ಕೆಲಸ ಮಾಡುತ್ತದೆಂದು 2009ರಲ್ಲಿ ಪ್ರಕಟವಾದ, 18,000ಕ್ಕೂ ಹೆಚ್ಚು ರೋಗಿಗಳ ರಿ-ಲೈ ಅಧ್ಯಯನ ತೋರಿಸಿತು. ನನ್ನಲ್ಲಾದರೋ ಪ್ರತಿ ಬಡಿತಕ್ಕೂ ರಕ್ತವು ಪರಕೀಯ ವಸ್ತುವೊಂದರ ಮೈಗೆ ತಾಗುತ್ತದೆ, ತಾಗಿದಾಗಲೆಲ್ಲ ಹೆಪ್ಪುಗಟ್ಟಿಸುವ ಸರಪಳಿ ಮೊದಲ ಕೊಂಡಿಯಿಂದಲೇ ಚುರುಕಾಗಿ, ಕೊನೆಯಲ್ಲಿ ರಕ್ತವನ್ನು ಹೆಪ್ಪುಗಟ್ಟಿಸುವ ಥ್ರಾಂಬಿನ್ ಎಂಬ ಪದಾರ್ಥ ಹೇರಳವಾಗಿ ಹುಟ್ಟುತ್ತದೆ. ಡಾಬಿಗಾಟ್ರಾನ್ ತಡೆಯುವುದು ಆ ಥ್ರಾಂಬಿನ್ ಒಂದನ್ನೇ. ಅಸಿಟ್ರಾಮ್, ವಾರ್ಫರಿನ್‌ಗಳು ವಿಟಮಿನ್ ಕೆ ನೆರವಿನಿಂದ ಯಕೃತ್ತಿನಲ್ಲಿ ತಯಾರಾಗುವ, ಆ ಸರಪಳಿಯ ಕೊಂಡಿಗಳಾದ 2, 7, 9, 10ನೇ ಅಂಶಗಳನ್ನೆಲ್ಲ ಒಟ್ಟಿಗೆ ಇಳಿಸುತ್ತವೆ. ಇದನ್ನು ಪರೀಕ್ಷಿಸಿಯೂ ನೋಡಿದ್ದರು: ಮೆಕ್ಯಾನಿಕಲ್ ವಾಲ್ವ್ ಇರುವ 252 ಜನರ ರಿ-ಅಲೈನ್ ಅಧ್ಯಯನದಲ್ಲಿ ಡಾಬಿಗಾಟ್ರಾನ್ ಪಡೆದವರಲ್ಲಿ ಶೇಕಡ 5ರಷ್ಟು ಮಂದಿಗೆ ಪಾರ್ಶ್ವವಾಯು ಬಡಿಯಿತು, ವಾರ್ಫರಿನ್ ಪಡೆದವರಲ್ಲಿ ಒಬ್ಬರಿಗೂ ಇಲ್ಲ, ರಕ್ತಸ್ರಾವವೂ ಹೊಸ ಮಾತ್ರೆಯಲ್ಲೇ ಹೆಚ್ಚಾಗಿ, ಅಧ್ಯಯನವನ್ನು ಅರ್ಧಕ್ಕೇ ನಿಲ್ಲಿಸಿದರು. ಫಲಿತಾಂಶ 2013ರಲ್ಲೇ ಪ್ರಕಟವಾಗಿತ್ತು. ನಾನು ಕೇಳಿದ್ದರೆ ನನ್ನ ವೈದ್ಯರು ಹೇಳುತ್ತಿದ್ದರು.

ಆದ್ದರಿಂದ ಯಾವ ಮಾತ್ರೆ ಹೊಸತು ಎಂಬ ಲೆಕ್ಕವನ್ನೇ ಬಿಡಿ. ವಾಲ್ವ್ ಬದಲಿಸದ, ರುಮ್ಯಾಟಿಕ್ ಹೃದ್ರೋಗದ ಜೊತೆ ಬಡಿತವೂ ತಪ್ಪಿದವರಲ್ಲಿ ಸಹ, 2022ರ ಇನ್ವಿಕ್ಟಸ್ ಅಧ್ಯಯನದಲ್ಲಿ ಮತ್ತೊಂದು ಹೊಸ ಮಾತ್ರೆ ರಿವರಾಕ್ಸಬಾನ್‌ಗಿಂತ ವಾರ್ಫರಿನ್‌ನಂಥ ಹಳೆಯ ಬಗೆಯ ಮಾತ್ರೆ ಪಡೆದವರಲ್ಲೇ ಸಾವು ಕಡಿಮೆಯಿತ್ತು. ಆ ಅಧ್ಯಯನದಲ್ಲಿ ಭಾರತದ ರೋಗಿಗಳೂ ಇದ್ದರು.

ಪರೀಕ್ಷೆಯನ್ನು ಹೊರೆಯೆಂದು ನೋಡುವುದನ್ನೂ ನಾನು ಒಪ್ಪುವುದಿಲ್ಲ. ಮೈಟ್ರಲ್ ವಾಲ್ವ್‌ಗೆ ಸಾಮಾನ್ಯವಾಗಿ ಐಎನ್‌ಆರ್ 2.5ರಿಂದ 3.5ರೊಳಗೆ ಇರಬೇಕು, ಅದು ಜಾರಿದ್ದು ತಿಳಿಯಲು ನಮಗಿರುವ ದಾರಿ ಅದೊಂದೇ. ಸೊಪ್ಪಿನ ವಿಟಮಿನ್ ಕೆ ಹಳೆಯ ಮಾತ್ರೆಯ ಪರಿಣಾಮವನ್ನು ತಗ್ಗಿಸುತ್ತದೆ ನಿಜ, ಆದರೂ ಸೊಪ್ಪನ್ನು ಪೂರ್ತಿ ಬಿಡಿಸಬೇಡಿ. ಬಸಳೆಯಾಗಲಿ ನುಗ್ಗೆಯಾಗಲಿ, ವಾರವಾರವೂ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿರಲಿ, ಮಾತ್ರೆಯ ಪ್ರಮಾಣವನ್ನು ವೈದ್ಯರು ಅದಕ್ಕೆ ಹೊಂದಿಸುತ್ತಾರೆ. ಭೇದಿಗೆಂದು ಕೊಡುವ ಮೆಟ್ರೊನಿಡಜೋಲ್ ಐಎನ್‌ಆರ್ ಏರಿಸುತ್ತದೆ, ಕ್ಷಯಕ್ಕೆ ಕೊಡುವ ರಿಫಾಂಪಿಸಿನ್ ಇಳಿಸುತ್ತದೆ. ಇಂಥ ಯಾವುದೇ ಔಷಧ ಶುರುವಾದರೂ ನಿಂತರೂ ತಿಂಗಳು ತುಂಬುವುದನ್ನು ಕಾಯದೆ ವೈದ್ಯರಿಗೆ ತಿಳಿಸಿ ಪರೀಕ್ಷೆ ಮಾಡಿಸಿ.